ಅಪ್ಪನ ಪರ್ಮಿಷನ್ ಕೇಳಿ ತೆಗೆಸಿದ ಮೀಸೆ

ತಿಪ್ಪೇಶಣ್ಣ ಕತ್ತಿ ಕೆಳಗಿಟ್ಟ.

ಮುಖಕ್ಕೆ ನೊರೆ ಹಚ್ಚಿ ಆಗಿತ್ತು. ಹೊಸ ಬ್ಲೇಡು ಹಾಕಿ ಆಗಿತ್ತು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡು, ಮೀಸೆ ಪೂರ್ತಿ ತೆಗೆದುಬಿಡಿ ಅಂದಿದ್ದೆ. ಇಪ್ಪತ್ತು ವರ್ಷದಿಂದ ಇದೇ ಮೀಸೆಯನ್ನು ಹದವಾಗಿ ಕತ್ತರಿಸಿ, ತುದಿ ತಿರುವಿ, ಕನ್ನಡಿ ಹಿಡಿದು ತೋರಿಸಿದ ಮನುಷ್ಯ ಆತ. ಟವೆಲ್ಲಿಗೆ ಕೈ ಒರೆಸಿಕೊಂಡು, ದನಿ ತಗ್ಗಿಸಿ ಕೇಳಿದ.

‘ಮೇಷ್ಟ್ರೇ, ಅಪ್ಪಾರು...?’

ಚೆನ್ನಾಗಿದ್ದಾರಲ್ಲ, ಅವರಿಗೇನಾಗಿದೆ ಅಂದೆ.

‘ಹಂಗಾದ್ರೆ ನಾನು ತೆಗಿಯಲ್ಲ. ಅವರನ್ನ ಒಂದ್ಮಾತು ಕೇಳ್ಕಂಡು ಬರ್ರಿ.’

ಅಷ್ಟೇ. ನೊರೆ ಒರೆಸಿ, ನನ್ನನ್ನು ಎಬ್ಬಿಸಿ, ಮುಂದಿನವರನ್ನು ಕೂರಿಸಿಕೊಂಡ. ನಾನು ಸಂತೆಪೇಟೆ ರಸ್ತೆಯಲ್ಲಿ ಒಂದು ಕಿವಿಯ ಹತ್ತಿರ ಇನ್ನೂ ಸೋಪಿನ ಸಮೇತ ನಿಂತಿದ್ದೆ. ನನಗೆ ಐವತ್ತೆರಡು ವರ್ಷ. ಚಿತ್ರದುರ್ಗದ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತೇನೆ. ನನಗೇ ಅಪ್ಪನ ಪರ್ಮಿಷನ್ ಲೆಟರ್ ತರಲು ಹೇಳಿ ಕಳಿಸಿದರಲ್ಲ!

ಈಗಿನ ಹುಡುಗರು ಇವತ್ತು ಮೀಸೆ ಬಿಡುತ್ತಾರೆ, ನಾಳೆ ತೆಗೆಯುತ್ತಾರೆ, ಯಾರೂ ಕೇಳುವುದಿಲ್ಲ. ಕುರಿ ಕಾಯುವವರ ಹಟ್ಟಿಯಲ್ಲಿ ಹುಟ್ಟಿದ ನಮ್ಮ ವಯಸ್ಸಿನವರ ಕಥೆ ಹಾಗಲ್ಲ. ನಮ್ಮಲ್ಲಿ ಮೀಸೆ ಒಂದೇ ಸಲ ಹೋಗುವುದು, ಅಪ್ಪ ಹೋದಾಗ. ಅಪ್ಪ ಗಟ್ಟಿಮುಟ್ಟಾಗಿರುವಾಗ ಮಗ ಮೀಸೆ ತೆಗೆದರೆ ಅದು ಅಪ್ಪನ ಸಾವನ್ನು ಬಯಸಿದ ಹಾಗೆ. ನಾನೋ, ಮೂವರು ಹೆಣ್ಣುಮಕ್ಕಳ ಜೊತೆ ಹುಟ್ಟಿದ ಒಬ್ಬನೇ ಮಗ.

(ಮನೆಯಲ್ಲೇ ತೆಗೆದುಕೊಳ್ಳಬಹುದಿತ್ತಲ್ಲ ಅನ್ನುತ್ತೀರಾ? ಬಾತ್‌ರೂಮಿನ ಕನ್ನಡಿ ಮುಂದೆ ಎರಡು ಸಲ ನಿಂತೆ. ಎರಡು ಸಲವೂ ಹಲ್ಲುಜ್ಜಿಕೊಂಡು ಬಂದೆ.)

ಅಷ್ಟಕ್ಕೂ ಮೀಸೆ ತೆಗೆಸುವ ಹಠ ಯಾಕೆ? ಅದಕ್ಕೆ ಚಿಕ್ಕಜಾಜೂರಿನ ಹತ್ತಿರದ ಒಂದು ರೈಲ್ವೆ ಗೇಟಿನ ಕಥೆ ಹೇಳಬೇಕು.

ಒಂದು ಭಾನುವಾರ ಹೆಂಡತಿ ಮಂಜುಳಾ ಜೊತೆ ಕಾರಿನಲ್ಲಿ ಬರುತ್ತಿದ್ದೆ. ಮಟಮಟ ಮಧ್ಯಾಹ್ನ. ಗೇಟು ಹಾಕಿತ್ತು, ನಿಲ್ಲಿಸಿದೆ. ಗೂಡ್ಸ್ ರೈಲು ಬರುವುದು ಕಾಣಿಸಿತು. ಒಂದು, ಎರಡು, ಮೂರು ಅಂತ ಬೋಗಿ ಎಣಿಸಲು ಶುರು ಮಾಡಿದ್ದು ನೆನಪಿದೆ. ಆಮೇಲೆ ಇಲ್ಲ. ಮಂಜುಳಾ ಹ್ಯಾಂಡ್‌ಬ್ರೇಕ್ ಎಳೆದ ಸದ್ದಿಗೆ ಕಣ್ಣು ಬಿಟ್ಟರೆ ಕಾರಿನ ಮೂತಿ ಗೇಟಿನ ಕಂಬಕ್ಕೆ ತಾಗಿ ನಿಂತಿದೆ, ಎದುರಿಗೆ ರೈಲು ಇನ್ನೂ ಹೋಗುತ್ತಲೇ ಇದೆ. ನಾನು ನಿದ್ದೆ ಹೋಗಿದ್ದೆ. ಬ್ರೇಕಿನ ಮೇಲಿನ ಕಾಲು ಸಡಿಲಾಗಿ ಕಾರು ತಾನಾಗಿಯೇ ಮುಂದಕ್ಕೆ ಉರುಳಿತ್ತು.

ಅವಳು ಕೂಗಾಡಲಿಲ್ಲ. ಕೆಳಗಿಳಿದು, ಈ ಕಡೆ ಬಂದು, ಬಾಗಿಲು ತೆಗೆದು ನಿಂತಳು. ನಾನು ಜಾಗ ಬಿಟ್ಟುಕೊಟ್ಟೆ. ಅವತ್ತಿನಿಂದ ಕಾರಿನ ಕೀ ಅವಳ ವ್ಯಾನಿಟಿ ಬ್ಯಾಗಿನಲ್ಲಿದೆ.

ಡಾಕ್ಟರು ಒಂದು ರಾತ್ರಿ ಮೈಮೇಲೆಲ್ಲ ವೈರು ಅಂಟಿಸಿ ಟೆಸ್ಟ್ ಮಾಡಿದರು. ಸ್ಲೀಪ್ ಆಪ್ನಿಯಾ ಅಂದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಗೊರಕೆ ನಿಲ್ಲುತ್ತದೆ, ಅದರ ಜೊತೆ ಉಸಿರೂ ನಿಲ್ಲುತ್ತದೆ, ಮೈ ಗಾಬರಿಯಾಗಿ ಎಚ್ಚರಿಸುತ್ತದೆ, ಮತ್ತೆ ಗೊರಕೆ ಶುರು. ರಾತ್ರಿಯಿಡೀ ಇದೇ ಆಟ. ಹಾಗಾಗಿ ಹಗಲೆಲ್ಲ ತೂಕಡಿಕೆ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಂತ ರಿಪೋರ್ಟಿನಲ್ಲಿ ಬರೆದಿತ್ತು. ಆ ನಂಬರನ್ನು ಮಂಜುಳಾಗೆ ಇವತ್ತಿಗೂ ಹೇಳಿಲ್ಲ. (ಇವತ್ತು ಪೇಪರಿನಲ್ಲಿ ಇದನ್ನು ಓದಿ ಕೇಳುತ್ತಾಳೆ. ಕೇಳಲಿ.)

ಔಷಧಿ ಅಂದರೆ ಒಂದು ಮಷೀನು, ಸಿಪ್ಯಾಪ್ ಅಂತ ಹೆಸರು. ಟಿಫನ್ ಬಾಕ್ಸಿಗಿಂತ ಸ್ವಲ್ಪ ದೊಡ್ಡದು. ಅದರಿಂದ ಒಂದು ಪೈಪು, ಪೈಪಿನ ತುದಿಗೆ ಮಾಸ್ಕು. ಗಂಟಲು ಮುಚ್ಚಿಕೊಳ್ಳದ ಹಾಗೆ ರಾತ್ರಿಯೆಲ್ಲ ಗಾಳಿ ಒತ್ತುತ್ತದೆ. ಮಷೀನಿನದು ಏನೂ ತಕರಾರಿಲ್ಲ, ಬಟನ್ ಒತ್ತಿದರೆ ಆಯಿತು. ತಕರಾರೆಲ್ಲ ಮಾಸ್ಕಿನದು. ನನ್ನ ಮುಖಕ್ಕೆ ಹೊಂದುವ ಮಾಸ್ಕು ಹುಡುಕಿದ್ದು ನಮ್ಮ ತಂಗಿಯರಿಗೆ ಗಂಡು ಹುಡುಕಿದ್ದಕ್ಕಿಂತ ಕಷ್ಟವಾಯಿತು.

ಮಾಸ್ಕು ತೋರಿಸುವ ಕೆಲಸ ಶಾಹೀನ್ ಮೇಡಂ ಅವರದು. ಆಸ್ಪತ್ರೆಯಲ್ಲಿ ಟೆಕ್ನಿಷಿಯನ್. ಕೋಟೆ ರಸ್ತೆಯ ಹಳೇ ವ್ಯಾಪಾರಸ್ಥರ ಮನೆತನ. ತಾತ ಬಟ್ಟೆ ಅಳೆಯುತ್ತಿದ್ದರಂತೆ, ಈಕೆ ಮೂಗು ಅಳೆಯುತ್ತಾರೆ. ಮೊದಲು ಮೂಗು ಬಾಯಿ ಎರಡೂ ಮುಚ್ಚುವ ದೊಡ್ಡ ಮಾಸ್ಕು ಕೊಟ್ಟರು. ಅದರ ಗಾಳಿ ನೇರ ಕಣ್ಣಿಗೆ ನುಗ್ಗುತ್ತಿತ್ತು. ನಾಲ್ಕು ದಿನ ಕೆಂಗಣ್ಣು ಬಿಟ್ಟುಕೊಂಡು ಕ್ಲಾಸಿಗೆ ಹೋದೆ, ಹುಡುಗರು ಹೋಂವರ್ಕ್ ಎಲ್ಲ ಬರೆದುಕೊಂಡು ಬಂದರು. ಆಮೇಲೆ ಮೂಗಿನ ಹೊಳ್ಳೆಗೆ ಒತ್ತಿ ಕೂರುವ ಎರಡು ಪುಟ್ಟ ಮೆತ್ತೆಯದು. ಮೂರೇ ದಿನಕ್ಕೆ ಹೊಳ್ಳೆ ಹುಣ್ಣಾಯಿತು. ಮೂರನೆಯದು ಮೂಗು ಮಾತ್ರ ಮುಚ್ಚುವ ತ್ರಿಕೋನ. ಹಗುರ, ಮೆತ್ತಗೆ, ಹಿತವಾಗಿತ್ತು. ಇದೇ ನನ್ನದು ಅನಿಸಿತು.

ಆದರೆ ಅದರ ಕೆಳಗಿನ ಅಂಚು ಕೂರುವುದು ಮೇಲ್ತುಟಿಯ ಮೇಲೆ. ಅಲ್ಲಿ ಆಗಲೇ ಮೀಸೆ ಕೂತಿತ್ತು.

ಪುಸ್. ಪುಸ್. ಪುಸ್ಸ್. ಮೀಸೆಯ ಸಂದಿಯಿಂದ ಗಾಳಿ ಸೋರಲು ಶುರುವಾಯಿತು. ಗಾಳಿ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತದೆ ಅಂತ ಇಪ್ಪತ್ತೈದು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ನನ್ನ ಮೂಗಿನ ಕೆಳಗಿನ ಸೋರಿಕೆ ನಿಲ್ಲಿಸಲು ಆಗಲಿಲ್ಲ. ಪಟ್ಟಿ ಬಿಗಿ ಮಾಡಿದೆ. ಕೆನ್ನೆ ಮೇಲೆ ಎರಡು ಗೀರು ಬಿದ್ದು ಮೂರನೇ ಪೀರಿಯಡ್‌ವರೆಗೂ ಹೋಗುತ್ತಿರಲಿಲ್ಲ. ಇನ್ನೂ ಬಿಗಿ ಮಾಡಿದೆ, ಮಾಸ್ಕು ಜಾರಿಕೊಂಡು ಹುಬ್ಬಿನ ಹತ್ತಿರ ಹೋಯಿತು.

ಶಾಹೀನ್ ಮೇಡಂ ಮಾಸ್ಕನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳಿಂದ ಸವರಿದರು, ಮೂಸಿದರು. ರಾತ್ರಿ ಮಲಗುವಾಗ ಮುಖಕ್ಕೆ ಏನು ಹಚ್ಚುತ್ತೀರಿ ಅಂತ ಕೇಳಿದರು. ಏನಿಲ್ಲ, ಮೀಸೆಗೆ ಒಂದು ತೊಟ್ಟು ಹರಳೆಣ್ಣೆ ಅಂದೆ. ಅದನ್ನೂ ಒಂದು ವಿಷಯ ಅಂತ ಯಾರಾದರೂ ಹೇಳುತ್ತಾರಾ? ಮೀಸೆ ಚಿಗುರಿದಾಗಿನಿಂದ ಹಚ್ಚುತ್ತಿದ್ದೇನೆ. ಅಪ್ಪನೂ ಹಚ್ಚುತ್ತಾರೆ. ಮೇಡಂ ಹಣೆ ಹಣೆ ಚಚ್ಚಿಕೊಂಡರು. ಎಣ್ಣೆ ತಾಗಿದರೆ ಮಾಸ್ಕು ಜಾರುವುದೂ ಅಲ್ಲದೆ ಹಾಳೂ ಆಗುತ್ತದಂತೆ. ಒಂದು ತಿಂಗಳು ದಿನಾ ರಾತ್ರಿ ಅದಕ್ಕೆ ಎಣ್ಣೆ ಸ್ನಾನ ಮಾಡಿಸಿದ್ದೆ.

ಎಣ್ಣೆ ಬಿಟ್ಟೆ, ಜಾರುವುದು ನಿಂತಿತು, ಸೋರುವುದು ನಿಲ್ಲಲಿಲ್ಲ. ಮೀಸೆ ಅರ್ಧ ಕತ್ತರಿಸಿದೆ. ಮೊಂಡು ಕೂದಲು ಚುಚ್ಚಿಕೊಂಡು ಸೋರಿಕೆ ಇನ್ನೂ ಜಾಸ್ತಿ. ಕೊನೆಗೆ ಮೇಡಂ ತಾವಾಗಿಯೇ ಹೇಳಿದರು.

‘ಸರ್, ತಪ್ಪು ತಿಳ್ಕಬ್ಯಾಡ್ರಿ. ಮಾಸ್ಕ್ ಕೂರೋ ಜಾಗದಾಗೆ ಮೀಸೆ ಐತೆ. ಎರಡ್ರಾಗೆ ಒಂದು ಇಟ್ಕಳ್ರಿ.’

ನಾನು ಮೀಸೆ ಇಟ್ಟುಕೊಂಡೆ. ಮಷೀನನ್ನು ಬೀರು ಮೇಲಿಟ್ಟೆ. ಎರಡು ವಾರ ಹಾಗೇ ಕಳೆಯಿತು. ಪರೀಕ್ಷೆ ಹಾಲಿನಲ್ಲಿ ಮೇಲ್ವಿಚಾರಕನಾಗಿ ನಿಂತವನು ಗೋಡೆಗೆ ಒರಗಿ ನಿಂತ ನಿಲುವಿನಲ್ಲೇ ನಿದ್ದೆ ಮಾಡಿದೆ. ಅವತ್ತು ಸಂಜೆ ಮಂಜುಳಾ ಒಂದೇ ಮಾತು ಹೇಳಿದಳು. ಗೇಟಿನ ಹತ್ತಿರ ನಾನು ಪಕ್ಕದಲ್ಲಿದ್ದೆ, ನಿಮ್ಮ ಗಂಟಲ ಒಳಗೆ ಎಲ್ಲಿಂದ ಹ್ಯಾಂಡ್‌ಬ್ರೇಕ್ ಎಳೆಯಲಿ ಅಂತ. ಮಾರನೇ ದಿನವೇ ತಿಪ್ಪೇಶಣ್ಣನ ಕುರ್ಚಿಯಲ್ಲಿ ಕೂತೆ. ಆತ ಕತ್ತಿ ಕೆಳಗಿಟ್ಟ.

ಭಾನುವಾರ ಬಸ್ಸು ಹತ್ತಿದೆ. ಹೊಳಲ್ಕೆರೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಹಟ್ಟಿಗೆ ಹೋದೆ. ಅಪ್ಪ ಅಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಒಂದು ಕಾಲದಲ್ಲಿ ಇನ್ನೂರು ಕುರಿ ಹೊಡೆದುಕೊಂಡು ಊರೂರು ತಿರುಗಿದವರು. ಈಗ ಉಳಿದಿರುವುದು ಆರು. ಮೊಮ್ಮಕ್ಕಳ ಗಲಾಟೆಯಿಂದ ತಪ್ಪಿಸಿಕೊಳ್ಳಲು ಆರೇ ಸಾಕು ಅನ್ನುತ್ತಾರೆ. ಬೇಲಿ ಪಕ್ಕದ ಬೇವಿನ ಮರದ ಕೆಳಗೆ ಕೂತಿದ್ದರು.

ಮೊದಲು ಕಾಯಿಲೆ ಹೇಳಿದೆ. ಸುಲಭವಾಗಿ ಹೇಳಬೇಕು ಅಂತ ದಾರಿಯುದ್ದಕ್ಕೂ ಪಾಠ ತಯಾರು ಮಾಡಿಕೊಂಡು ಹೋಗಿದ್ದೆ. ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ ಅಂದ ತಕ್ಷಣ ಅಪ್ಪ ಕೈ ಅಡ್ಡ ಹಿಡಿದರು.

‘ಗೊತ್ತೈತೆ. ಉಗಾದಿಗೆ ಬಂದು ಜಗಲಿ ಮ್ಯಾಲೆ ಮಲಗಿದ್ಯಲ್ಲ, ಅವಾಗ್ಲೇ ಕೇಳಿಸ್ಕಂಡಿದೀನಿ. ಗೊರಕೆ ಹೊಡೆವಾಗ ನಾನು ನಿದ್ದೆ ಮಾಡ್ತಿದ್ದೆ. ನಿಂತಾಗ ಎದ್ದು ಕುಂತ್ಕಂತಿದ್ದೆ.’

ಅಪ್ಪನೇ ಬಿಡಿಸಿ ಹೇಳಿದರು. ಬಯಲಲ್ಲಿ ಮಂದೆ ಜೊತೆ ಮಲಗುವವನಿಗೆ ಕುರಿ ಕೊರಳಿನ ಗಂಟೆ ಸದ್ದು ಕೇಳುತ್ತಿದ್ದರೆ ಒಳ್ಳೆ ನಿದ್ದೆ. ಸದ್ದು ನಿಂತಿತೋ, ಎಚ್ಚರ. ಹತ್ತಿರದಲ್ಲಿ ತೋಳ ಬಂದರೆ ಕುರಿ ಎಲ್ಲ ಅಲ್ಲಾಡದೆ ನಿಂತುಬಿಡುತ್ತವೆ. ಅರವತ್ತು ವರ್ಷ ಹಾಗೆ ಮಲಗಿದ ಕಿವಿ ಅದು. ಯುಗಾದಿ ರಾತ್ರಿ ಎಷ್ಟು ಸಲ ಎದ್ದು ಕೂತರೋ, ಡಾಕ್ಟರ ರಿಪೋರ್ಟು ನೋಡಿದರೆ ಲೆಕ್ಕ ಸಿಗುತ್ತದೆ. ಅವಾಗಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನೀನು ಓದಿದವನು, ನಿನಗೆ ಗೊತ್ತಿರುತ್ತದೆ ಅಂದುಕೊಂಡೆ ಅಂದರು.

ಓದಿದವನಿಗೆ ಏನೂ ಗೊತ್ತಿರಲಿಲ್ಲ.

ಆಮೇಲೆ ಮೀಸೆ ವಿಷಯ ತೆಗೆದೆ. ಮಾಸ್ಕು, ಸೋರಿಕೆ, ಹರಳೆಣ್ಣೆ, ತಿಪ್ಪೇಶಣ್ಣ, ಎಲ್ಲ ಹೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದೆ. ಅಪ್ಪ ತಮ್ಮ ಬಿಳಿ ಮೀಸೆ ಮೇಲೆ ಕೈ ಆಡಿಸಿಕೊಂಡರು. ಬೈಯುತ್ತಾರೆ ಅಂತಲೇ ತಿಳಿದಿದ್ದೆ.

‘ನಾನು ಹೋದಾಗ ನೀನು ಮೀಸೆ ತೆಗೀಬೇಕು. ಹೌದಾ? ಅದಕ್ಕೆ ಮೊದ್ಲು ನೀನು ಇರಬೇಕಲ್ಲೋ.’

ನನಗೆ ಅಳು ಬಂತು. ಮುಚ್ಚುಮರೆ ಯಾಕೆ, ಚೆನ್ನಾಗಿಯೇ ಅತ್ತೆ. ಅಪ್ಪ ನೋಡಿಯೂ ನೋಡದವರಂತೆ ಎದ್ದು, ಕುರಿಗಳನ್ನು ಮನೆ ಕಡೆ ತಿರುಗಿಸಿದರು. ಊಟವಾದ ಮೇಲೆ ಬಿಳಿ ಪಂಚೆ ಉಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು, ನಡಿ ಹೋಗಾಣ ಅಂದರು. ನಾನು ಹೇಳಿದೆ ಅಂತ ನೀನು ಹೇಳಿದರೆ ಆ ಕ್ಷೌರದವನು ನಂಬುತ್ತಾನಾ ಅಂತ ಅವರ ಪ್ರಶ್ನೆ.

ತಿಪ್ಪೇಶಣ್ಣನ ಅಂಗಡಿಯಲ್ಲಿ ಅಪ್ಪ ಪಕ್ಕದ ಕುರ್ಚಿಯಲ್ಲೇ ಕೂತರು. ತೆಗಿಯಪ್ಪ, ನಾನಿಲ್ಲೇ ಇದೀನಿ ಅಂದರು. ತಿಪ್ಪೇಶಣ್ಣ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಕತ್ತಿ ಕೈಗೆತ್ತಿಕೊಂಡ. ಎರಡು ನಿಮಿಷದ ಕೆಲಸ. ಕನ್ನಡಿಯಲ್ಲಿ ಯಾರೋ ಅಪರಿಚಿತ, ಮೂಗಿನ ಕೆಳಗೆ ಬೆಳ್ಳಗೆ ಪಟ್ಟಿ. ಮಂಜುಳಾ ನೋಡಿದವಳೇ ಥೇಟ್ ನಿಮ್ಮ ತಂಗಿ ಥರ ಕಾಣುತ್ತೀರಿ ಅಂತ ಸೆರಗು ಬಾಯಿಗಿಟ್ಟು ನಕ್ಕಳು.

ದಾರಿಯಲ್ಲಿ ಯಾರೋ ನೋಡಿದ್ದಾರೆ. ಮನೆ ತಲುಪುವಷ್ಟರಲ್ಲಿ ಕಾಲೇಜಿನ ಸ್ಟಾಫ್ ಗ್ರೂಪಿನಲ್ಲಿ ‘ಓಂ ಶಾಂತಿ’ ಶುರುವಾಗಿತ್ತು. ಒಬ್ಬರ ಹಿಂದೆ ಒಬ್ಬರು, ಕೈ ಮುಗಿದ ಚಿತ್ರದ ಸಮೇತ. ಒಬ್ಬರಂತೂ ಹಿರಿಯರ ಆದರ್ಶ ಗುಣಗಳ ಬಗ್ಗೆ ಎರಡು ಪ್ಯಾರಾ ಬರೆದಿದ್ದರು. (ಅವರು ನಮ್ಮ ಅಪ್ಪನನ್ನು ನೋಡಿಯೇ ಇಲ್ಲ.) ಅಪ್ಪ ಎಲ್ಲವನ್ನೂ ಓದಿಸಿಕೊಂಡು ಕೇಳಿದರು. ಆ ಎರಡು ಪ್ಯಾರಾ ಎರಡು ಸಲ ಓದಿಸಿದರು. ಕೊನೆಗೆ, ನಿಮ್ಮ ಪ್ರಿನ್ಸಿಪಾಲರು ಹಾಕಿಲ್ಲವಾ ಅಂತ ಕೇಳಿದರು.

ಆ ರಾತ್ರಿ ಹಾಲಿನಲ್ಲಿ ಅಪ್ಪನ ಪಕ್ಕದಲ್ಲೇ ಹಾಸಿಕೊಂಡೆ, ಮಷೀನು ಅವರೂ ನೋಡಲಿ ಅಂತ. ಮಾಸ್ಕು ಹಾಕಿದೆ. ಪಟ್ಟಿ ಹಗುರವಾಗಿ ಎಳೆದೆ. ಪುಸ್ ಅನ್ನಲಿಲ್ಲ. ಸೋರಲಿಲ್ಲ, ಜಾರಲಿಲ್ಲ. ಕಣ್ಣು ಮುಚ್ಚಿದ್ದು ಗೊತ್ತು, ಬಿಟ್ಟಾಗ ಕಿಟಕಿಯಲ್ಲಿ ಬೆಳಕು. ಎಷ್ಟು ವರ್ಷಗಳಾಗಿದ್ದವೋ ಹಾಗೆ ಎದ್ದು! ತಲೆಭಾರ ಇಲ್ಲ, ಬಾಯಿ ಒಣಗಿಲ್ಲ. ಮೊಬೈಲ್ ಆ್ಯಪ್ ತೆಗೆದರೆ ಮಾಸ್ಕು ಸರಿಯಾಗಿ ಕೂತಿದೆ ಅಂತ ನಗುವ ಮುಖದ ಚಿತ್ರ. ಕುಣಿಯುವುದೊಂದು ಬಾಕಿ. ಮಂಜುಳಾ ಕಾಫಿ ಜೊತೆ ಕಾರಿನ ಕೀ ತಂದು ಮುಂದಿಟ್ಟಳು. ಡಾಕ್ಟರು ಹೂಂ ಅಂದ ಮೇಲೆ ಅಂತ ಮತ್ತೆ ತೆಗೆದುಕೊಂಡು ಹೋದಳು.

ಅಪ್ಪ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಕೆಂಪಗಿತ್ತು. ನಿದ್ದೆ ಆಯಿತಾ ಅಂತ ಕೇಳಿದೆ.

‘ಎಲ್ಲಿ ನಿದ್ದೆ? ರಾತ್ರಿಯೆಲ್ಲ ಒಂದು ಸದ್ದಿಲ್ಲ ನಿಂದು.’

ಸದ್ದಿಲ್ಲ ಅಂತ ಎದ್ದು ಕೂತಿದ್ದಾರೆ. ಮಾಸ್ಕಿನ ಮುಂದೆ ಪುಟ್ಟ ತೂತುಗಳಿವೆ, ಅಲ್ಲಿ ಅಂಗೈ ಹಿಡಿದು ನೋಡಿದ್ದಾರೆ. ಗಾಳಿ ತಾಗಿದೆ, ಮಲಗಿದ್ದಾರೆ. ಮತ್ತೆ ಸದ್ದಿಲ್ಲ, ಮತ್ತೆ ಎದ್ದಿದ್ದಾರೆ, ಮತ್ತೆ ಅಂಗೈ. ಬೆಳಗಿನ ತನಕ ಇದೇ. ಗಾಳಿ ಬರುತ್ತಿತ್ತು, ಇನ್ನು ತೊಂದರೆಯಿಲ್ಲ ಬಿಡು ಅಂತ ಸಮಾಧಾನದಿಂದ ಕಾಫಿ ಲೋಟ ಎತ್ತಿಕೊಂಡರು. (ಆ ತೂತುಗಳಿಂದ ನಾನು ಉಸಿರಾಡಿದರೂ ಬಿಟ್ಟರೂ ಮಷೀನಿನ ಗಾಳಿ ಬರುತ್ತಲೇ ಇರುತ್ತದೆ. ಫಿಸಿಕ್ಸ್ ಮೇಷ್ಟ್ರಾಗಿ ಅದನ್ನು ಹೇಳಬೇಕಿತ್ತು, ಹೇಳಲಿಲ್ಲ.)

ನನ್ನ ನಿದ್ದೆಗೇನೋ ಮಷೀನು ಸಿಕ್ಕಿತು, ಅಪ್ಪನ ನಿದ್ದೆಗೆ ಎಲ್ಲಿ ಹುಡುಕಲಿ?