ಪಂಚಮಿಗೆ ಮುಂಚೆ ಹೇಳದ ಮಾತು

ಮೊದಲು ಹೋದದ್ದು ಹಸಿವು. ಮೂರು ರೊಟ್ಟಿ ಉಣ್ಣುತ್ತಿದ್ದ ನಮ್ಮ ಮನೆಯವರು ಒಂದೂವರೆಗೇ ತಾಟು ಸರಿಸತೊಡಗಿದರು. ನಾನು ಆಸಿಡಿಟಿ ಎಂದುಕೊಂಡು ಬೈಲಹೊಂಗಲದ ಪೇಟೆಯಿಂದ ಗುಳಿಗೆ ತರಿಸಿದೆ. ಆಷಾಢ ಬರುವ ಹೊತ್ತಿಗೆ ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಣ್ಣಗಾಗಿತ್ತು.

ಬೆಳಗಾವಿಯಲ್ಲಿ ಎಂಡೋಸ್ಕೋಪಿ ಆಯಿತು. ಬಯಾಪ್ಸಿ ಆಯಿತು. ರಿಪೋರ್ಟ್ ಬಂದ ದಿನ, ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ತಿಳಿದ ಡಾಕ್ಟರು ಪೂರ್ತಿ ಇಂಗ್ಲಿಷಿಗೆ ಹೊರಳಿದರು. ಅವರಿಗೂ ಅದು ಅನುಕೂಲವಾಗಿತ್ತೇನೋ. ಪಕ್ಕದ ಕುರ್ಚಿಯಲ್ಲಿದ್ದ ಇವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಮ್ಮೆ ಡಾಕ್ಟರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದರು.

ಸ್ಟಮಕ್ ಕ್ಯಾನ್ಸರ್. ಲಿವರಿಗೂ ಹಬ್ಬಿದೆ. ಆಪರೇಷನ್ ಆಗುವುದಿಲ್ಲ. ಎ ಫ್ಯೂ ಮಂತ್ಸ್.

"ಏನಂತಾರ್ರೀ ಮೇಡಮ್ಮಾರ?" ಎಂದರು ಇವರು. ಮದುವೆಯಾದಾಗಿನಿಂದ ನನ್ನ ಇಂಗ್ಲಿಷನ್ನು ಹೀಗೇ ಕಾಡಿಸುತ್ತಿದ್ದರು.

"ಅಲ್ಸರ್ ಅಂತ್ರಿ. ಔಷಧಕ್ಕ ಮಾಯತೈತಿ ಅಂತಾರ."

ಡಾಕ್ಟರು ಪೆನ್ನಿನ ಕ್ಯಾಪ್ ಮುಚ್ಚಿದರು. ನನ್ನನ್ನು ತಿದ್ದಲಿಲ್ಲ.

ನಮ್ಮ ಮಾರಲ್ ಸೈನ್ಸ್ ಕ್ಲಾಸಿನ ಸಿಸ್ಟರ್ ಹೇಳುತ್ತಿದ್ದರು, ವೈಟ್ ಲೈ ಅಂತ ಒಂದಿಲ್ಲ, ಎ ಲೈ ಈಸ್ ಎ ಲೈ. ಬಸ್ಸು ನೇಸರಗಿ ದಾಟುವವರೆಗೂ ಮನಸ್ಸಿನಲ್ಲೇ ಅವರೊಡನೆ ವಾದ ಮಾಡಿದೆ. ಗೆದ್ದೆನೆಂದೂ ಅನ್ನಿಸಿತು. ಇವರು ಕಿಟಕಿಗೆ ತಲೆಯಾನಿಸಿ ನೆಮ್ಮದಿಯಾಗಿ ನಿದ್ದೆ ಹೋಗಿದ್ದರಲ್ಲ.

ಇವರು ಮಾತ್ರ ಎಂದೂ ಮುಚ್ಚಿಟ್ಟು ಮಾತಾಡಿದವರಲ್ಲ. ಆರು ವರ್ಷದ ಹಿಂದೆ, ತೊರಗಲ್ಲಿನಲ್ಲಿರುವ ಇವರ ತಂಗಿ ನೀಲವ್ವನ ಮಗನಿಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹುಡುಗ ಹೆಂಗ್ರಿ ಎಂದು ಹೆಣ್ಣಿನವರು ಸೋದರಮಾವನನ್ನೇ ಕೇಳಿದರು. ಇವರು "ಕುಡಿತಾನ" ಎಂದುಬಿಟ್ಟರು. ಸಂಬಂಧ ಮುರಿಯಿತು. ನೀಲವ್ವ ನಮ್ಮ ಅಂಗಳದಲ್ಲಿ ನಿಂತು ಅತ್ತಳು.

"ನಿನಗ ಸುಳ್ಳ ಹೇಳಂತ ಯಾರಂದಿದ್ರೋ ಅಣ್ಣಾ? ಸುಮ್ನಿರಾಕ ಬರ್ತಿದ್ದಿಲ್ಲೇನು? ಇನ್ನ ನೀನಾಗಿ ಪಂಚಮಿಗೆ ಕರ್ಯಾಕ ಬಂದ್ರಷ್ಟ ಈ ಹೊಸ್ತಿಲಾ ತುಳಿತೇನಿ."

ನಾಗರಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರಲು ಅಣ್ಣತಮ್ಮಂದಿರೇ ಹೋಗಬೇಕು, ಅದು ನಮ್ಮ ಕಡೆಯ ರೂಢಿ. ಇವರು ಹೋಗಲಿಲ್ಲ. ಅವಳು ಬರಲಿಲ್ಲ.

ಈ ಶ್ರಾವಣದಲ್ಲಿ, ಪಂಚಮಿ ಹತ್ತಿರ ಬಂದಾಗ, ತಾವಾಗಿಯೇ ಮಾತು ತೆಗೆದರು.

"ನೀಲವ್ವನ್ನ ಕರ್ಯಾಕ ಹೋಗ್ಬೇಕಂತ ಮನಸಾಗೇತಿ. ಆದ್ರ ಅಷ್ಟ ದೂರ ಕುಂಡ್ರಾಕ ತ್ರಾಣಿಲ್ಲ. ಅಲ್ಸರ್ ಮಾಯ್ಲಿ, ಮುಂದಿನ ಪಂಚಮಿಗೆ ಹೋಗ್ತೇನಿ. ಏನಂತಿ?"

ಮುಂದಿನ ಪಂಚಮಿ ಅವರಿಗಿಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕಾರು ಮಾಡಿಕೊಂಡು ನಾಳೆಯೇ ಹೋಗೋಣ ಅನ್ನಬಹುದಿತ್ತು. ಅಂದರೆ, ಯಾಕಿಷ್ಟು ಅವಸರ ಎಂದು ಕೇಳುತ್ತಿದ್ದರು.

"ಹೂನ್ರಿ" ಎಂದೆ.

ಅಲ್ಸರ್ ಎಂದದ್ದಕ್ಕಿಂತ ಅದು ದೊಡ್ಡ ಸುಳ್ಳು.

ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಗಂಜಿಯೂ ನಿಲ್ಲದಾಯಿತು. ನನ್ನಿಂದ ತಡೆಯಲಾಗಲಿಲ್ಲ. ಎಸ್‌ಟಿಡಿ ಬೂತಿಗೆ ಹೋಗಿ ನೀಲವ್ವನಿಗೆ ಎಲ್ಲ ಹೇಳಿದೆ. ಅಣ್ಣನಿಗೆ ಗೊತ್ತಿಲ್ಲ, ಹುಷಾರು ಎಂದೂ ಹೇಳಿದೆ. ಮರುದಿನ ಮಧ್ಯಾಹ್ನ ಬಂದಳು. ನಗುತ್ತಲೇ ಒಳಗೆ ಬಂದಳು.

"ಎಲ್ಲವ್ವನ ಗುಡ್ಡಕ್ಕ ಬಂದಿದ್ದೆ ಅಣ್ಣಾ. ಸವದತ್ತಿತನಕ ಬಂದೇನಿ, ನೋಡ್ಕೊಂಡ ಹೋದ್ರಾತು ಅಂತ ಬಂದೆ."

ಇವರು ಅವಳ ಮುಖವನ್ನೇ ನೋಡಿದರು.

"ಗುಡ್ಡಕ್ಕ ಹೋದಾಕಿ ಹಣಿಗೆ ಭಂಡಾರಿಲ್ಲಲ್ಲವ್ವಾ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಹೊಳೆದಿರಲೇ ಇಲ್ಲ. ಭಂಡಾರದ ಅರಿಸಿನ ಹಚ್ಚಿಕೊಂಡು ಬಂದಿದ್ದರೂ ಅವರಿಗೆ ತಿಳಿಯುತ್ತಿತ್ತು. ಕರೆಯದೆ ಬರುವವಳಲ್ಲ ನೀಲವ್ವ. ಬರೀ ಅಲ್ಸರಿಗಂತೂ ಬರುತ್ತಿರಲಿಲ್ಲ.

ನನ್ನ ಕಡೆ ತಿರುಗಿದರು. "ಎಷ್ಟ ದಿನಾ ಅಂದಾರ?"

"ಭಾಳಿಲ್ಲ ಅಂದಾರ್ರಿ."

ಸಿಟ್ಟು ಮಾಡಲಿಲ್ಲ.

"ಶ್ರಾವಣದಾಗ ಹೇಳಿದ್ರ ನಾನ ಹೋಗಿ ಕರ್ಕೊಂಡ ಬರ್ತಿದ್ನೆಲ್ಲ" ಎಂದರು.

ಅಷ್ಟೇ.

ಆಮೇಲೆ ಹತ್ತೊಂಬತ್ತು ದಿನ ಇದ್ದರು. ನೀಲವ್ವ ಚಮಚೆಯಿಂದ ನೀರು ಹಾಕುತ್ತಿದ್ದಳು. ಇಬ್ಬರೂ ಸಣ್ಣವರಿದ್ದಾಗ ಗಿಡದಿಂದ ಬಿದ್ದದ್ದು, ಅವ್ವನ ಕೈಯಲ್ಲಿ ಪೆಟ್ಟು ತಿಂದದ್ದು ಹೇಳಿಕೊಂಡು ನಗುತ್ತಿದ್ದರು. ನಾನು ಕೊಡುವ ಗುಳಿಗೆಯನ್ನು ಕೈಯಲ್ಲಿ ಹಿಡಿದು ಇದು ಯಾತಕ್ಕ ಎಂದು ಕೇಳುವರು. "ನೋವಿಗ್ರಿ. ರೋಗಕ್ಕಲ್ಲ" ಎನ್ನುವೆ. ತಲೆಯಾಡಿಸಿ ನುಂಗುವರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾವು ಅಷ್ಟು ನಿಚ್ಚಳವಾಗಿ ಮಾತಾಡಿದ್ದು ಆ ದಿನಗಳಲ್ಲೇ. ಅದಕ್ಕೆ ನಾನು ಋಣಿ. ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರು ಮಾತಾಡಿಸಲು ಬಂದರು. ಒಬ್ಬಾಕೆ ನೀಲವ್ವನ ಮೊಣಕಾಲಿಗೆ ತಿವಿದು, "ಕಡೀಕ ನೀನ ಸೋತು ಬಂದೇನವಾ?" ಎಂದಳು.

"ಯಾಕ ಸೋಲಲಿ?" ನೀಲವ್ವ ತಟ್ಟನೆ ಅಂದಳು. "ಅಣ್ಣ ಪಂಚಮಿಗೆ ಬಂದು ಕರ್ದ ಹೋಗಿದ್ದ. ಬರಾಕ ನಾನ ತಡಾ ಮಾಡ್ದೆ. ಹೌದಲ್ರಿ ವೈನಿ?"

ಎಲ್ಲರೂ ನನ್ನ ಕಡೆ ನೋಡಿದರು.

"ಹೌದು" ಎಂದೆ. "ಮೈಯಾಗ ಆರಾಮಿಲ್ಲ ಬ್ಯಾಡ್ರಿ ಅಂದೆ. ನನ್ನ ಮಾತ ಕೇಳ್ಲಿಲ್ಲ, ಹೋಗೇ ಬಂದ್ರು."