ಬಾವಿಕಟ್ಟೆಗೆ ಬಂದ ಕಂಬಳಿ

ಹೋದ ವಾರ ಮೊಮ್ಮಗಳು ಟ್ರಂಕಿನ ತಳದಿಂದ ಕರಿಯ ಕಂಬಳಿಯೊಂದನ್ನು ತೆಗೆದು ಮಹಡಿಯ ಮೇಲೆ ಬಿಸಿಲಿಗೆ ಹರವಿದ್ದಳು. ಮಧ್ಯಾಹ್ನ ಹೇಳದೆ ಕೇಳದೆ ಬಂದ ಮಳೆ ಅದನ್ನು ನೆನೆಸಿಬಿಟ್ಟಿತು. ಅವಳು ಅದನ್ನು ಮುದ್ದೆ ಮಾಡಿ ಎತ್ತಿಕೊಂಡು ಒಳಗೆ ಬಂದಾಗ ಮನೆಯ ತುಂಬ ಒದ್ದೆ ಉಣ್ಣೆಯ ವಾಸನೆ. ಅದರೊಳಗೆ, ನೇಯುವವರು ಬಿಗಿ ಬರಲೆಂದು ಹಚ್ಚುತ್ತಿದ್ದ ಹುಣಸೆಬೀಜದ ಗಂಜಿಯ ಒಂದು ಎಳೆ ಇನ್ನೂ ಇತ್ತೋ, ನನ್ನ ನೆನಪೇ ಅದನ್ನು ಬೆರೆಸಿತೋ... "ಥೂ, ಕುರಿ ನಾತ" ಎಂದು ಅವಳು ಮೂಗು ಮುಚ್ಚಿಕೊಂಡಳು. ನನ್ನ ಕಣ್ಣ ಮುಂದೆ ಬೆಳಕವಾಡಿ ದಾರಿಯ ಒಂದು ಹಳ್ಳಿ ಬಂತು. ಅದರ ಬಾವಿಕಟ್ಟೆ, ಕಟ್ಟೆಯ ಪಕ್ಕದಲ್ಲಿ ಹಾಸಿದ್ದ ಇದೇ ಕಂಬಳಿ, ಕಂಬಳಿಯ ಅಂಚಿನಲ್ಲಿ ಅರ್ಧ ನೆಲದ ಮೇಲೆ ಅರ್ಧ ಉಣ್ಣೆಯ ಮೇಲೆ ಕೂತಿದ್ದ ನಮ್ಮ ಮೆಂಬರು.

ಮೆಂಬರು ಎಂದರೆ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಸದಸ್ಯರು. ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಕೊಪ್ಪದ ಆಚೆ ಅವರ ಊರು. ಭತ್ತ ಬೆಳೆಯುವ ಒಕ್ಕಲು ಮನೆತನ. ಮಂಡ್ಯ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರದ ಕಾಲದಲ್ಲಿ ಮೊದಲ ಸಲ ಆರಿಸಿಬಂದಾಗ ಬಂಡೂರಿನ ಕುರಿಗಾಹಿಯೊಬ್ಬರು ಈ ಕಂಬಳಿಯನ್ನು ಅವರ ಹೆಗಲಿಗೆ ಹಾಕಿದರಂತೆ. ಅಂದಿನಿಂದ ಅದು ಆ ಹೆಗಲನ್ನು ಬಿಟ್ಟು ಇಳಿಯಲಿಲ್ಲ. ದಸರೆಯ ಅಧಿವೇಶನಕ್ಕೆ ಹೋಗುವಾಗ ಉದ್ದನೆಯ ಕೋಟು, ಜರಿಯ ರುಮಾಲು ಕಡ್ಡಾಯ. ಅವನ್ನು ತೊಟ್ಟು, ಕಂಕುಳಲ್ಲಿ ಕಂಬಳಿ ಇಟ್ಟುಕೊಂಡು ಹೋದವರನ್ನು ಬಾಗಿಲಿನ ಜವಾನ ತಡೆದು, ಇದನ್ನು ಯಾರಿಗೆ ತಂದಿರಿ ಎಂದು ಕೇಳಿದನಂತೆ. "ಒಳಗೆ ಕುರ್ಚಿ ಸಿಕ್ದಿದ್ರೆ ಆಸ್ಕಳಕೆ ಕಣಪ್ಪ" ಎಂದರಂತೆ ಇವರು.

ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಕೇಳಬಹುದಿತ್ತು, ಅರಿಕೆ ಮಾಡಬಹುದಿತ್ತು; ದಿವಾನರ ಕಡೆಯಿಂದ "ಪರಿಶೀಲಿಸಲಾಗುವುದು" ಎಂಬ ಉತ್ತರ ಬರುತ್ತಿತ್ತು. ಮೆಂಬರು ಆ ಒಂದು ಮಾತಿಗೆ ಸೋಲದೆ ವರ್ಷ ವರ್ಷವೂ ಕೇಳಿದರು. ಸಾಹೇಬರ ಸವಾರಿ ಬಂದಾಗ ಹಳ್ಳಿಯ ಬಡವರಿಂದ ಸೌದೆ, ಹುಲ್ಲು, ಹಾಲು ಕಸಿದು ಬಿಟ್ಟಿ ದುಡಿಸಿಕೊಳ್ಳುವುದೇಕೆ ಎಂದು ಕೇಳಿದರು. ನಾಲೆಯ ನೀರು ತಲೆಯ ಕಡೆಯ ದೊಡ್ಡ ಹಿಡುವಳಿಗಳನ್ನು ದಾಟಿ ಕೊನೆಯ ಗದ್ದೆಗೆ ಬರುವುದಿಲ್ಲವೇಕೆ, ಸರ್ಕಾರಿ ಹಣದಲ್ಲಿ ತೋಡಿದ ಬಾವಿ ಎಲ್ಲರದೂ ಎಂದು ಕಾಗದದ ಮೇಲೆ ಬರೆದವರು ಆ ಬಾವಿಯ ಹತ್ತಿರ ಒಮ್ಮೆಯಾದರೂ ನಿಂತು ನೋಡಿದ್ದಾರೆಯೇ ಎಂದೂ ಕೇಳಿದರು.

ನಾನು ಆಗ ಮೈಸೂರಿನಲ್ಲಿ ಓದು ಮುಗಿಸಿ, ಮಳವಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರವನ್ನೂ ನೂಲುವುದನ್ನೂ ಹೇಳಿಕೊಡುತ್ತಿದ್ದೆ. ಹೆಣ್ಣನ್ನು ಹೊಸಿಲೊಳಗೆ ಇಟ್ಟವರ ಮೇಲೆ, ಮನುಷ್ಯರನ್ನು ಊರ ಹೊರಗೆ ಇಟ್ಟವರ ಮೇಲೆ, ಕಂದಾಯ ಕಟ್ಟುವವನಿಗೆ ಮಾತ್ರ ಮತವೆಂದು ಬಡತನವನ್ನೇ ಅಪರಾಧ ಮಾಡಿದ ಕಾನೂನಿನ ಮೇಲೆ ನನಗೆ ಇದ್ದ ಸಿಟ್ಟಿಗೆ ಕೊನೆಯಿರಲಿಲ್ಲ. ಮಹಾಯುದ್ಧದ ಕೊನೆಯ ದಿನಗಳಲ್ಲಿ ಚುನಾವಣೆ ಬಂದಾಗ ಮೆಂಬರು ನಮ್ಮ ಮನೆಗೆ ಬಂದರು. ತಮ್ಮ ಹೆಸರಿನಲ್ಲಿ ಪಟ್ಟಾ ಇದ್ದು, ಕಂದಾಯ ಕಟ್ಟುವ ಕೆಲವು ಹೆಂಗಸರಿಗೂ ಮತವಿತ್ತು. ಅವರಲ್ಲಿ ಹೆಚ್ಚಿನವರು ವಿಧವೆಯರು. "ಗಂಡಸ್ರ ತಾವ ನಾನು ಮಾತಾಡ್ತೀನಿ. ನಡುಮನೆವರ್ಗೂ ನಂಗೆ ಓಗಕಾಗಲ್ಲ. ಬತ್ತೀಯೇನವ್ವ ಮೇಷ್ಟ್ರಮ್ಮ?" ಎಂದು ಕೇಳಿದರು. ನಾನು ಅದೇ ದಿನ ಹೊರಟೆ.

ನಮ್ಮ ಸವಾರಿಗೆ ಇದ್ದುದು ಮಳವಳ್ಳಿಯ ಸಾಬರೊಬ್ಬರ ಜಟಕಾ. ಅವರ ನಾಲಗೆ ಅವರ ಚಾವಟಿಗಿಂತ ಚುರುಕು. "ಮೆಂಬರ್ ಸಾಬ್, ನಮ್ ಕುದುರೆಗೆ ಓಟು ಇದ್ದಿದ್ರೆ ನಿಮಗೇ ಹಾಕ್ತಿತ್ತು" ಎನ್ನುತ್ತಿದ್ದರು. "ಕಂದಾಯ ಕಟ್ಟಲ್ವಲ್ಲ ಸಾಬ್ರೆ ಅದು" ಎಂದು ಇವರು. "ನಾನೂ ಕಟ್ಟಲ್ಲ. ಒಂದೇ ಜಾತಿ ಆಯ್ತಲ್ಲ ನಾವಿಬ್ರೂ!" ಎಂದು ಅವರು ನಗುತ್ತಿದ್ದರು. ಆ ನಗೆಯೊಳಗಿನ ಅನ್ಯಾಯವನ್ನು ನಾನು ಪ್ರತಿ ಊರಿನಲ್ಲೂ ಎತ್ತಿ ಹೇಳುತ್ತಿದ್ದೆ.

ಆ ಕಡೆಯ ಹಳ್ಳಿಗಳಲ್ಲಿ ಒಂದು ಕಟ್ಟು ಇತ್ತು. ಊರಿನ ಯಾವ ಮಾತೇ ಇರಲಿ, ಚಾವಡಿಯಲ್ಲಿ ಕಂಬಳಿ ಹಾಸಿಯೇ ಆಡಬೇಕು. ಕಂಬಳಿಯ ಮೇಲೆ ಆಡಿದ ಮಾತನ್ನು ಯಾರೂ ಮುರಿಯುವಂತಿಲ್ಲ. ಮನೆಯಿಂದ ಒಬ್ಬರು ಕೂತರೆ ಇಡೀ ಮನೆಯೇ ಕೂತಂತೆ. ಒಳಗಿರುವ ಹೆಂಗಸರು, ತಮ್ಮಂದಿರು, ಸೊಸೆಯರು ಎಲ್ಲರೂ ಆ ಮಾತಿಗೆ ಬದ್ಧರು. ಯಜಮಾನರು ಹತ್ತು ಮನೆಯವರನ್ನು ಕೂರಿಸಿಕೊಂಡು, ಓಟು ಇಂಥವರಿಗೆ ಎಂದು ಹೇಳಿಬಿಟ್ಟರೆ ಊರೊಟ್ಟು ಮತ ಅಲ್ಲಿಗೇ ತೀರ್ಮಾನವಾಯಿತು. ಊರಾಚೆಯ ಕೇರಿಯ ಜನ ಕಂಬಳಿಯಿಂದ ದೂರದಲ್ಲಿ, ಚಾವಡಿಯ ಕೆಳಗೆ ಕೈಕಟ್ಟಿ ನಿಂತಿರುತ್ತಿದ್ದರು. ಒಬ್ಬನ ಬಾಯಿ ಒಂದು ಮನೆಯನ್ನೇ ನುಂಗುವ ಈ ಪದ್ಧತಿ ದಾಸ್ಯವೆಂದು ನಾನು ಮೆಂಬರೊಡನೆ ಜಗಳವಾಡಿದ್ದೆ. ಮೊದಲ ಸಲ ಅವರು ಗೆದ್ದದ್ದೂ ಅದೇ ಪದ್ಧತಿಯಿಂದ. ಅವರು ಅಲ್ಲಗಳೆಯಲಿಲ್ಲ. "ದಿಟ ಕಣವ್ವ" ಎಂದಷ್ಟೇ ಹೇಳಿ, ಎಲೆಯಡಿಕೆ ಬಾಯಿಗಿಟ್ಟರು.

ಬೆಳಕವಾಡಿ ದಾರಿಯ ಆ ಹಳ್ಳಿಯಲ್ಲಿ ಮೆಂಬರೇ ಓಡಾಡಿ ಜಿಲ್ಲಾ ಬೋರ್ಡಿನ ಹಣ ತಂದು ಹೊಸ ಬಾವಿ ತೋಡಿಸಿದ್ದರು. ಕಲ್ಲುಕಟ್ಟೆ, ಗಡಗಡೆ, ಸಿಹಿನೀರು. ಆದರೆ ಪೂಜೆಯಾದ ಮಾರನೆಯ ದಿನದಿಂದಲೇ ಕೇರಿಯ ಹೆಂಗಸರು ದೂರದಲ್ಲಿ ಕೊಡವಿಟ್ಟು, ಯಾರಾದರೂ ಮನಸ್ಸು ಮಾಡಿ ಸುರಿಯಲೆಂದು ಕಾಯುತ್ತಿದ್ದರು. ಸುರಿಯುವವರಿಲ್ಲದ ದಿನ ಹಳ್ಳದ ಕೆಸರು ನೀರೇ ಅವರ ಪಾಲು.

ನಾನು ಆ ಊರ ಯಜಮಾನರ ನಡುಮನೆಗೆ ಹೋದೆ. ಅವರ ತೀರಿಹೋದ ಅಣ್ಣನ ಹೆಂಡತಿ ಆ ಮನೆಯ ಹಿರಿಸೊಸೆ. ಗದ್ದೆಯ ಪಟ್ಟಾ ಆಕೆಯ ಹೆಸರಿನಲ್ಲಿತ್ತು, ಆದ್ದರಿಂದ ಮತವೂ ಇತ್ತು. ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಡದೆಯೇ ಆಕೆ, "ನನ್ ಓಟ ನನ್ ಮೈದ ನೋಡ್ಕತ್ತಾನೆ ಬುಡವ್ವ. ನನ್ ಗದ್ದೆ ನೋಡ್ಕಂಡಂಗೆ" ಎಂದರು. ಹೊಸ ಬಾವಿಯ ನೀರು ಹೇಗಿದೆಯೆಂದು ಕೇಳಿದೆ. "ಕುಡೀತಿವ್ನಿ, ಬಾವಿ ಕಂಡಿಲ್ಲ. ಪೂಜೆ ದಿನ ರಂಡೇರು ಎದ್ರಿಗೆ ಬರಬಾರ್ದು ಅಂತ ಒಳಕ್ಕೆ ಕಳಿಸುದ್ರು" ಎಂದರು. ಓಟು ನಿಮ್ಮದು, ಬಾವಿಯೂ ನಿಮ್ಮದು ಎಂದಷ್ಟೇ ಹೇಳಿ ಎದ್ದೆ. ಹಿಂದೆ ಮೊರದ ಸದ್ದು ನಿಂತಿತ್ತು.

ಹೊರಗೆ ಚಾವಡಿಯಲ್ಲಿ, ಕೇರಿಯವರೂ ಬಾವಿಯಲ್ಲಿ ಸೇದಲಿ ಎಂದು ಮೆಂಬರು ಎತ್ತಿದ್ದ ಮಾತು ಅದಾಗಲೇ ಕುದಿಯುತ್ತಿತ್ತು. ಮೆಂಬರ ಕಂಬಳಿ ಹಾಸಿತ್ತು. "ಊರೊಟ್ಟು ಓಟು ನಿಮ್ದೇ ಮೆಂಬ್ರೇ. ಸುತ್ತಿನ ಹಳ್ಳಿಯೋರೂ ನಮ್ಮ ಬಾಯೇ ನೋಡ್ತಾವ್ರೆ. ಬಾವಿ ಮಾತ ಮಾತ್ರ ಇನ್ ಎತ್ತಕಿಲ್ಲ ಅಂತ ಕಂಬಳಿ ಮುಟ್ಟಿ ಒಂದ್ಮಾತು ಯೋಳ್ಬುಡಿ" ಎಂದರು ಯಜಮಾನರು.

ಆ ಹೋಬಳಿ ಕೈತಪ್ಪಿದರೆ ಅವರು ಗೆಲ್ಲುವಂತಿರಲಿಲ್ಲ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಬೇವಿನ ಮರದ ಕೆಳಗೆ ಕುದುರೆಗೆ ಹುಲ್ಲು ಹಾಕುತ್ತಿದ್ದ ಸಾಬರಿಗೂ ಗೊತ್ತಿತ್ತು. ಮೆಂಬರು ಎದ್ದು ನಿಂತು, ಕಂಬಳಿಯ ಎರಡು ತುದಿ ಹಿಡಿದು ಕೊಡವಿ, ಹೆಗಲಿಗೆ ಹಾಕಿಕೊಂಡರು. "ಬಾವಿ ಮಾತ ಚಾವಡೀಲಿ ಯಾಕ್ರಪ್ಪ ಆಡಾದು? ಬಾವಿ ತಾವೇ ಆಡಾಣ, ಬನ್ನಿ" ಎಂದು ನಡೆದೇಬಿಟ್ಟರು.

ಕಟ್ಟೆಯ ಪಕ್ಕದಲ್ಲಿ ಕಂಬಳಿ ಹಾಸಿ, ತಾವು ಅಂಚಿನಲ್ಲಿ ಕೂತು, ದೂರದಲ್ಲಿ ನಿಂತಿದ್ದ ಕೇರಿಯವರನ್ನು ಕರೆದರು. ಹಿಂದೆಯೇ ಬಂದ ಯಜಮಾನರು ಮತ್ತು ಅವರ ಕಡೆಯವರು ಕೂರದೆ ಸುತ್ತ ನಿಂತರು. "ಅವರ್ಗೆ ಒಂದ್ ಓಟೂ ಇಲ್ಲ ಕಣ್ರೀ! ಅವರ್ನ ಕೂರಿಸ್ಕಂಡ್ರೆ ಏನ್ ಸಿಕ್ತದೆ?" ಎಂದು ಯಜಮಾನರು ಕೇಳಿದರು.

"ನೀರು ಸಿಕ್ತದಲ್ಲಪ್ಪ, ಅವರ್ಗೆ."

ಆದರೆ ಕೇರಿಯವರು ಮುಂದೆ ಬರಲಿಲ್ಲ. ಅವರಲ್ಲಿ ಹಿರಿಯರೊಬ್ಬರು ತಲೆಯೆತ್ತಿ, "ಬುದ್ಧಿ, ನೀವು ನಾಳೆ ಕೊಪ್ಪದ ಕಡೆ ಓಯ್ತೀರಿ. ನಾವು ಇವರ್ ಒಲದಲ್ಲೇ ಕೂಲಿ ಮಾಡ್ಬೇಕು" ಎಂದರು. ಮೆಂಬರು ಈ ಮಾತಿಗೆ ಭಾಷಣ ಮಾಡಲಿಲ್ಲ. "ದಿಟ ಕಣಪ್ಪ" ಎಂದು ತಲೆತಗ್ಗಿಸಿದರು. ಕಂಬಳಿಯ ಅಗಲವೆಲ್ಲ ಬರಿದಾಗಿ ಬಿದ್ದಿತ್ತು. ಅಲ್ಲಿಗೆ ಎಲ್ಲ ಮುಗಿಯಿತೆಂದುಕೊಂಡೆ...

ಆಗ ಗುಂಪಿನ ಹಿಂದಿನಿಂದ, "ಸರೀರ್ಲಾ, ಒಸಿ ದಾರಿ ಬುಡಿ" ಎಂಬ ದನಿ ಕೇಳಿತು. ಸೆರಗನ್ನು ತಲೆತುಂಬ ಹೊದ್ದು ಬಂದ ಹಿರಿಸೊಸೆ ಮೊದಲು ಬಾವಿಗೆ ಬಗ್ಗಿ ನೋಡಿದರು. ಆಮೇಲೆ ಬಂದು ಕಂಬಳಿಯ ನಟ್ಟನಡುವೆ ಕೂತರು.

ಯಜಮಾನರ ಮುಖ ಬಿಳಿಚಿತು. "ಅತ್ಗೆಮ್ಮ, ಏಳಿ ಮೇಲಕ್ಕೆ. ಎಂಗಸ್ರು ಕೂರೋ ಜಾಗ ಅಲ್ಲ ಇದು."

"ಯಾಕ್ಲಾ ಮೈದ? ಮನೆಯೋರು ಒಬ್ರು ಕೂತ್ರೆ ಮನೆಯೇ ಕೂತಂಗೆ ಅಂತ ಯೋಳ್ತಿದ್ದೋನು ನೀನೇ ಅಲ್ವೇ? ನೀನ್ ಕೂತಾಗೆಲ್ಲ ನಾನೂ ಕೂತಂಗೆ ಆಯ್ತಿತ್ತು. ಇವತ್ತು ನಾನ್ ಕೂತಿವ್ನಿ. ನೀನೂ ಕೂತಂಗೇ ಆಯ್ತು."

ಯಾರೋ ಕಿಸಕ್ಕನೆ ನಕ್ಕರು. "ಯಜಮಾನ್ರೇ, ಕಾಲು ನೋಯ್ತಿದ್ರೆ ಜಟ್ಕಾದಲ್ಲಿ ಕೂತ್ಕಳಿ" ಎಂದು ಸಾಬರು ಮರದ ಕೆಳಗಿನಿಂದ ಕೂಗಿದರು. ಯಜಮಾನರು ಸಿಕ್ಕಿಬಿದ್ದಿದ್ದರು. ಆ ಕಟ್ಟನ್ನು ಸುಳ್ಳೆಂದರೆ ಅದುವರೆಗೆ ಅವರು ಊರಿನ ಪರವಾಗಿ ಆಡಿದ ಮಾತೆಲ್ಲ ಸುಳ್ಳಾಗುತ್ತಿತ್ತು. ನಿಜವೆಂದರೆ ಅವರ ದೊಡ್ಡಮನೆಯೇ ಕಂಬಳಿಯ ಮೇಲೆ ಕೂತಿತ್ತು. ಹೆಣ್ಣಿನ ಬಾಯನ್ನು ತಲೆತಲಾಂತರದಿಂದ ಮುಚ್ಚಿದ್ದ ಅದೇ ಕೀಲಿ ಅಂದು ಬಾಗಿಲು ತೆರೆಯಿತು. ಆಕೆ ಕೇರಿಯ ಹಿರಿಯರತ್ತ ತಿರುಗಿ, "ಕೂಲಿ ನನ್ ಗದ್ದೇಲಿ ಅದೆ. ಬನ್ನಿ, ಕೂತ್ಕಳಿ" ಎಂದರು.

ಅವರು ಬಂದು ಕೂತರು. ಒಬ್ಬೊಬ್ಬರಾಗಿ ಇನ್ನೂ ಕೆಲವರು ಬಂದರು. ನಿಂತಿದ್ದವರು ನಿಂತೇ ಇದ್ದರು, ಕೇರಿಯವರು ಯಾವಾಗಲೂ ನಿಲ್ಲುತ್ತಿದ್ದ ಹಾಗೆ, ಕಂಬಳಿಯಿಂದ ಅಷ್ಟೇ ದೂರದಲ್ಲಿ. ಕೇರಿಯ ಹೆಂಗಸೊಬ್ಬಳು ಯಾರ ಅಪ್ಪಣೆಯನ್ನೂ ಕೇಳದೆ ಕಟ್ಟೆ ಹತ್ತಿ ಹಗ್ಗ ಬಿಟ್ಟಳು. ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸುವಾಗ ಅದು ಓರೆಯಾಗಿ ನೀರು ಕಂಬಳಿಯ ಮೇಲೆ ಚೆಲ್ಲಿತು. ಅವಳು ಬೆದರಿ ನಿಂತಳು. "ನೆನೀಲಿ ಬುಡವ್ವ. ಕುರಿ ಮೈ ಮೇಲಿದ್ದಾಗ್ಲೂ ನೆಂದದ್ದೇ ಅಲ್ವಾ ಅದು" ಎಂದರು ಮೆಂಬರು. ಒದ್ದೆ ಉಣ್ಣೆಯ ಆ ವಾಸನೆಯನ್ನು ನಾನು ಮೊದಲು ಕುಡಿದದ್ದು ಅಂದೇ.

ಸುಲಭವಾಯಿತೆಂದು ಹೇಳಿದರೆ ಸುಳ್ಳು ಹೇಳಿದಂತಾದೀತು. ಬಾವಿಯೊಳಗೆ ಮುಳ್ಳು ಹಾಕಿದರು. ಕೇರಿಯವರನ್ನು ಕುಯ್ಲಿಗೆ ಕರೆಯಲಿಲ್ಲ. ಹಿರಿಸೊಸೆ ಮಾತ್ರ ಮಾತು ಉಳಿಸಿಕೊಂಡು ತಮ್ಮ ಗದ್ದೆಗೆ ಅವರನ್ನೇ ಕರೆದರು. ಮುಳ್ಳನ್ನು ಕೇರಿಯ ಹುಡುಗರೇ ಇಳಿದು ತೆಗೆದರು. ಚುನಾವಣೆಯಲ್ಲಿ ಮೆಂಬರು ಸೋತರು. ಫಲಿತಾಂಶ ಕೇಳಿ, ಮದ್ದೂರಿನಲ್ಲಿದ್ದ ಅವರ ಬಳಿಗೆ ಓಡಿಹೋದೆ. ನನಗೆ ಅಳು ತಡೆಯಲಾಗಲಿಲ್ಲ. ಅವರು ನನ್ನನ್ನು ನೋಡಿ ಕೇಳಿದ್ದು ಒಂದೇ: "ನೀರ್ ಸೇದ್ತಾವ್ರಾ?"

ಸೇದುತ್ತಿದ್ದಾರೆ ಎಂದೆ. "ಸರಿ, ಮುಖ ತೊಳ್ಕ. ಉಣ್ಣಾಣ" ಎಂದರು.

ಸ್ವಾತಂತ್ರ್ಯ ಬಂದ ಆಗಸ್ಟ್‌ನಲ್ಲಿ ಅದೇ ಬಾವಿಕಟ್ಟೆಯ ಮೇಲೆ ಬಾವುಟ ಏರಿತು. ಕಂಬಳಿ ಹಾಸಿತ್ತು. ಕೇರಿಯವರು ಕೂತಿದ್ದರು, ಹಿರಿಸೊಸೆ ಕೂತಿದ್ದರು, ಸಾಬರೂ ಚಾವಟಿ ಪಕ್ಕಕ್ಕಿಟ್ಟು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಯಜಮಾನರು ಬಂದರು. ಅತ್ತಿಗೆಯ ಹಿಂದೆ, ಇದ್ದ ಜಾಗದಲ್ಲಿ ಮುದುಡಿ ಕೂತರು. ಮೆಂಬರು ಇನ್ನಷ್ಟು ಅಂಚಿಗೆ ಸರಿದರು. ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಇನ್ನೂ ಬಂದಿರಲಿಲ್ಲ. ಅದಕ್ಕಾಗಿ ಇವರು ಮತ್ತೆ ಬೀದಿಗಿಳಿಯುವವರಿದ್ದರು. ಆದರೂ ಅಂದು ಅವರ ಮುಖದಲ್ಲಿ ಕಂಡ ನೆಮ್ಮದಿ ಅವರು ಗೆದ್ದ ದಿನವೂ ಇದ್ದಿರಲಾರದು. ಹೊರಡುವಾಗ ಕಂಬಳಿಯನ್ನು ಮಡಿಸಿ ನನ್ನ ಕೈಗಿಟ್ಟರು. "ಎಲ್ರಿಗೂ ಓಟು ಬಂದೇ ಬತ್ತದೆ ಕಣವ್ವ. ಆವತ್ತು ಇದ ಆಸು. ನಾನೂ ಬತ್ತೀನಿ" ಎಂದರು.

ಅವರು ಬರಲಿಲ್ಲ. ಎಲ್ಲರಿಗೂ ಮತ ಬರುವ ಮೊದಲೇ ತೀರಿಕೊಂಡರು. ಮೊದಲ ಮತದಾನದ ದಿನ ಆ ಊರಿನ ಶಾಲೆಯ ಮುಂದೆ ನಾನು ಕಂಬಳಿ ಹಾಸಿದೆ. ಸರದಿಗಾಗಿ ಕಾಯುತ್ತಿದ್ದ ಹೆಂಗಸರು, ಕೇರಿಯವರು ಊರಿನವರು ಎನ್ನದೆ, ಅದರ ಮೇಲೆ ಒತ್ತಿ ಕೂತರು. ಸಾಬರು ಬೆರಳಿನ ಶಾಯಿ ತೋರಿಸಿ, "ಕುದುರೆ ಒಂದೇ ಉಳೀತು ನೋಡಮ್ಮ" ಎಂದರು. ನಗಲು ಹೋದವರು ಇಬ್ಬರೂ ಕಣ್ಣೊರಸಿಕೊಂಡೆವು.

ನಾನು ಹೆಸರಿಸಬೇಕಾದ ಅನ್ಯಾಯಗಳು ಇನ್ನೂ ಮುಗಿದಿಲ್ಲ. ಎಷ್ಟೋ ಊರುಗಳಲ್ಲಿ ಹೋಟೆಲಿನ ಲೋಟ ಇಂದಿಗೂ ಬೇರೆ. ಎಷ್ಟೋ ಹೆಂಗಸರ ಓಟು ಇಂದಿಗೂ ಗಂಡಸರ ಬಾಯಲ್ಲಿ ಇದೆ. ಆದರೆ ಮುಗಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ನನ್ನ ಬಳಿ ಈ ಕಂಬಳಿ ಇದೆ.

ಅದನ್ನು ಹಜಾರದಲ್ಲಿ ಆರಲು ಹರವಿದೆವು. ವಾಸನೆ ಸ್ವಲ್ಪ ಇಳಿದ ಮೇಲೆ ಮೊಮ್ಮಗಳು ಪುಸ್ತಕ ತಂದು, ಯಾರನ್ನೂ ಕೇಳದೆ, ಅದರ ನಟ್ಟನಡುವೆ ಕಾಲು ಚಾಚಿ ಕೂತಳು. "ನೀನೂ ಬಾ ಅಜ್ಜಿ, ಜಾಗ ಇದೆ" ಎಂದಳು. ಗೋಡೆ ಹಿಡಿದು ಮೆಲ್ಲಗೆ ಅವಳ ಪಕ್ಕದಲ್ಲಿ ಕೂತೆ. ಜಾಗ ಇತ್ತು. ಮೆಂಬರು ಕೂರುತ್ತಿದ್ದ ಅಂಚನ್ನು ಮಾತ್ರ ನಾನು ಮುಟ್ಟಲಿಲ್ಲ.