ಎಂಬತ್ತು ಸೆಂಟ್ ಮಳೆ

ಗೆಳೆಯರೇ, ಇವತ್ತು ಬೆಳಿಗ್ಗೆ ಎಂಟಕ್ಕೆ ನಮ್ಮ ಕಾಫಿ ಎಸ್ಟೇಟಿನ ಮಳೆ ಅಳೆಯುವ ಬಾಟಲಿ ಆಫೀಸಿಗೇ ಬಂತು. ಸೆರಗಲ್ಲಿ ಮುಚ್ಚಿಕೊಂಡು ತಂದವಳು ಚೋಮಿ. ನಿನ್ನೆ ಸಂಜೆಯ ಗುಡುಗುಮಳೆಯಲ್ಲಿ ಸಿಡಿಲು ಬಡಿದು ಸತ್ತ ಕುಂಜನ ಹೆಂಡತಿ. ದಿನಾ ಆ ಬಾಟಲಿ ನೋಡಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರಾದ ನನಗೆ ವರದಿ ಒಪ್ಪಿಸುತ್ತಿದ್ದವನು ಕುಂಜನೇ.

"ಎಂಟು ಗಂಟೆ ತಪ್ಪಬಾರದು ಅಂತ ನಮ್ಮವರು ಹೇಳ್ತಿದ್ರು ಬುದ್ಧಿ," ಅಂದಳು. ಹೆಣ ಇನ್ನೂ ಕೂಲಿಗಳ ಲೈನ್ ಮನೆಯಲ್ಲೇ ಇತ್ತು.

ಅಷ್ಟರಲ್ಲಿ ಎಸ್ಟೇಟಿನ ದೊರೆ ಹೊರಗೆ ಬಂದು ರೇಗಿದರು. "ಜಾಗದಿಂದ ಯಾಕೆ ತೆಗೆದೆ? ದಾರೀಲಿ ಚೆಲ್ಲಿದ್ರೆ?"

"ಒಂದು ಹನೀನೂ ಚೆಲ್ಲಿಲ್ಲ," ಅಂದಳು ಚೋಮಿ.

ನಾನು ಅಳತೆ ಗಾಜಿಗೆ ಸುರಿದು ನೋಡಿದೆ. ಎಂಬತ್ತು ಸೆಂಟ್, ಒಂದು ಇಂಚಿಗೆ ಇಪ್ಪತ್ತು ಕಡಿಮೆ. ದೊರೆಯ ಮುಖ ಅರಳಿತು. "ಕಾಫಿ ಹೂವಿಗೆ ಬೇಕಾದಷ್ಟೇ ಬಂದಿದೆ!" ಎಂದವರು, ಏನೋ ನೆನಪಾದಂತೆ, "ಇವಳಿಗೆ ಇವತ್ತು ರಜೆ ಕೊಡು," ಎಂದು ಒಳಗೆ ಹೋದರು.

ಚೋಮಿ ಗಾಜಿನೊಳಗಿನ ನೀರನ್ನೇ ನೋಡುತ್ತಿದ್ದಳು. "ನಿನ್ನೆ ಬಂದದ್ದು ಇಷ್ಟೇನಾ ಬುದ್ಧಿ?"

ನಾನು ಪುಸ್ತಕದಲ್ಲಿ ಎಂಬತ್ತು ಎಂದು ಬರೆದುಕೊಂಡೆ. ಅವಳು ಖಾಲಿ ಬಾಟಲಿಯನ್ನು ಜೋಪಾನವಾಗಿ ಹಿಡಿದುಕೊಂಡು ಹೋಗಿ, ಅದರ ಜಾಗದಲ್ಲೇ ಇಟ್ಟು, ಲೈನಿನ ಕಡೆ ನಡೆದಳು.

ಹತ್ತು ಗಂಟೆಗೆಲ್ಲ ಆಫೀಸಿನ ತಗಡಿನ ಮಾಡು ಮತ್ತೆ ಕಾದು ಚಟಚಟ ಅನ್ನತೊಡಗಿತು. ಮಡಿಕೇರಿಯಿಂದ ಹವಾಮಾನದ ತಂತಿಯೂ ಬಂತು: ಮಳೆ ಮುಗಿಯಿತು, ಇನ್ನು ಬರೀ ಬಿಸಿಲು.

ನಾಳೆಯಿಂದ ಎಂಟಕ್ಕೆ ಬಾಟಲಿ ನೋಡುವ ಕೆಲಸ ನನ್ನದಂತೆ. ಅದರಲ್ಲಿ ನೋಡಲು ಏನೂ ಇರುವುದಿಲ್ಲವಂತೆ.